ಒಳಕೋಣೆಯ ಬೂಷ್ಟು ಮತ್ತು ನನ್ನ ನೋಟಿಸು

ವಕೀಲರ ಗುಮಾಸ್ತನ ಮನೆಯ ಗೋಡೆಗೆ ಬೂಷ್ಟು ಹಿಡಿಯುವುದೆಂದರೇನು! ಎಂಬತ್ತಮೂರರ ಮಳೆಗಾಲದಲ್ಲಿ ಆಳಂದದ ನಮ್ಮ ಬಾಡಿಗೆ ಮನೆಯ ಒಳಕೋಣೆ ಹಸಿರಾಯಿತು. ಮೊದಲು ಗೋಡೆ, ಆಮೇಲೆ ಅಲಮಾರಿಯಲ್ಲಿದ್ದ ನನ್ನ ಹೆಂಡತಿ ಸುಮಿತ್ರಾಬಾಯಿಯ ಮದುವೆಯ ಇಳಕಲ್ ಸೀರೆ. ಸೀರೆ ಕಂಡ ದಿನದಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಆ ಮೌನಕ್ಕೆ ಹೆದರಿಯೇ ನಾನು ಗುಡುಗಿದೆ: ಗೋಡೆಯ ಜವಾಬ್ದಾರಿ ಮಾಲೀಕರದು, ಬಾಡಿಗೆದಾರನದಲ್ಲ. ಒಂದು ನೋಟಿಸು ಕೊಟ್ಟರೆ ಬೂಷ್ಟೂ ಇಳಿಯುತ್ತದೆ, ಮಾಲೀಕರೂ ಇಳಿಯುತ್ತಾರೆ!

ಮಾಲೀಕರೆಂದರೆ ಎರಡು ಓಣಿ ಆಚೆಗಿದ್ದ ಹಿರಿಯ ಹೆಂಗಸು ಗೌಸಿಯಾಬೇಗಂ. 'ಸದರಿ ಬೂಷ್ಟು', 'ಮೇಲ್ಕಾಣಿಸಿದ ಗೋಡೆ' ಎಂದೆಲ್ಲ ಮೂರು ಪುಟ ಬರೆದು, ಅವರ ಪಡಸಾಲೆಯಲ್ಲೇ ನಿಂತು ಓದಿದೆ. ಚೆಂದ ಬಂದಿದ್ದ ಒಂದು ಪ್ಯಾರಾವನ್ನು ಎರಡು ಸಲ ಓದಿದೆ. ಅವರು ಅಡಿಕೆ ಕತ್ತರಿಸುತ್ತ ಕೊನೆಯ ತನಕ ಕೇಳಿದರು.

"ಗ್ವಾಡಿ ನಂದೇ ಅದ, ದೌಲತರಾಯರೇ. ಹಸಿ ಯಾರದು ಅಂತ ನೋಡಮು ನಡ್ರಿ."

ಬಂದವರು ಗೋಡೆ ಮುಟ್ಟಿದರು. ಒಳಗೇ ಹಗ್ಗ ಕಟ್ಟಿ ಒಣಹಾಕಿದ್ದ ನನ್ನ ಧೋತರ ಹಿಂಡಿ ನೋಡಿದರು. ಆಮೇಲೆ ಏನನ್ನೋ ಕಳೆದುಕೊಂಡವರಂತೆ ಸುತ್ತ ಹುಡುಕಿದರು.

"ಈ ಖೋಲಿಗಿ ಒಂದು ಕಿಡಕಿ ಕೊಟ್ಟಿದ್ದೆ. ಎಲ್ಲಿ ಅದ?"

ನನ್ನ ಗಂಟಲು ಒಣಗಿತು. ಆ ಕೋಣೆಯಲ್ಲಿ ಒಣಗಿದ್ದು ಅದೊಂದೇ. ಆರು ವರ್ಷದ ಹಿಂದೆ ಗುಲ್ಬರ್ಗಾದಿಂದ ಸಾಗವಾನಿ ಅಲಮಾರಿ ತಂದು, ಬಾಗಿಲಿಂದಲೇ ಎಲ್ಲರಿಗೂ ಕಾಣಲಿ ಎಂದು ಕಿಟಕಿಗೆ ಒತ್ತಿ ನಿಲ್ಲಿಸಿದವನು ನಾನೇ! ಸುಮಿತ್ರಾಬಾಯಿಯೂ ಕೈ ಹಚ್ಚಿದಳು; ಮೂವರೂ ಸೇರಿ ಜರುಗಿಸಿದೆವು. ಅದರ ಬೆನ್ನಿನ ಹಲಗೆ ನೆನೆದ ರೊಟ್ಟಿಯಂತೆ ಕಳಚಿ ನನ್ನ ಕಾಲ ಮೇಲೆ ಬಿತ್ತು. ಇನ್ನು ಮನೆ ಖಾಲಿ ಮಾಡಿ ಎನ್ನುತ್ತಾರೆಂದು ಹೆದರಿದೆ. ಆ ಓಣಿಯಲ್ಲಿ ಇನ್ನೊಂದು ಮನೆ ಸಿಗುವುದು ಅಷ್ಟರಲ್ಲೇ ಇತ್ತು. ಬೇಗಂ ಹಾಗೆನ್ನಲಿಲ್ಲ.

"ಸುಣ್ಣ ನಾ ಕಳಸ್ತೀನಿ. ಹಚ್ಚೋದು ಮಾತ್ರ ಕಿಡಕಿ ಮುಚ್ಚಿದೋರು."

ನಾಲ್ಕು ದಿನದಿಂದ ಮಾತಾಡದ ಸುಮಿತ್ರಾಬಾಯಿ ಬಾಯಿ ಬಿಟ್ಟು, ನನ್ನ ಪರವಾಗಿ ಒಪ್ಪಿಕೊಂಡಳು.

ಶನಿವಾರ ಮಧ್ಯಾಹ್ನ ತಲೆಗೆ ಟವೆಲ್ಲು ಸುತ್ತಿ ಕುಂಚ ಹಿಡಿದೆ. ಅರ್ಧ ಸುಣ್ಣ ಗೋಡೆಗೆ, ಉಳಿದರ್ಧ ನನಗೆ. ಆದರೂ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ಕೊನೆಗೆ, ಉಬ್ಬಿ ಬಿಗಿದಿದ್ದ ಕಿಟಕಿಯ ಬಾಗಿಲನ್ನು ಗುದ್ದಿ ತೆರೆದೆ. ತಂಪು ಗಾಳಿ ನುಗ್ಗಿತು. ಎದುರಿನ ಮನೆಗೆ ಹೊಸದಾಗಿ ಬಂದಿದ್ದ ಮಾಳಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನೂ ಗೋಡೆಯನ್ನೂ ಚೆನ್ನಾಗಿ ದಿಟ್ಟಿಸಿದಳು.

"ಏ ಯಣ್ಣಾ, ಕೈ ಛಲೋ ಅದ ನಿಂದು. ಇಲ್ಲಿದು ಮುಗದ ಮ್ಯಾಲ ನಮ್ಮ ಮನಿಗಿ ಬರ್ತಿಯೇನು?"

ನಾನು ಯಾರೆಂದು ತಿಳಿಸಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸುಮಿತ್ರಾಬಾಯಿ ನನ್ನ ಹೆಗಲ ಮೇಲಿಂದ ಇಣುಕಿದಳು.

"ನಾಳಿ ಐತವಾರ ಅದ ಬೇ. ಮುಂಜಾನೆದ್ದು ಕಳಸ್ತೀನಿ."