ಅಪ್ಪನ ಮುನಿಶಾಮಿಯನ್ನು ನಾನು ಹುಡುಕಿಕೊಟ್ಟಿದ್ದು

ಇಂಟರ್ನೆಟ್‌ನಲ್ಲಿ ಹುಡುಕುವುದು ಎಲ್ಲರಿಗೂ ಬರುತ್ತದೆ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ! ಅದೊಂದು ವಿದ್ಯೆ. ಆ ವಿದ್ಯೆಯಲ್ಲಿ ಸುಗಟೂರಿನಿಂದ ಕೋಲಾರದವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಘೋಷಿಸಿಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ಅರ್ಧ ದಿನದ ತರಬೇತಿ ಕೊಟ್ಟಿದ್ದರು. ಉಪ್ಪಿಟ್ಟು ತಿಂದು ತೂಕಡಿಸಿದವರ ನಡುವೆ ಕೊನೆಯವರೆಗೂ ಎಚ್ಚರವಾಗಿದ್ದವನು ನಾನೊಬ್ಬನೇ. ಅಲ್ಲಿ ಕಲಿತ ಮಹಾಮಂತ್ರ ಇಷ್ಟು: ಬರೀ ಒಂದು ಪದ ಹಾಕಿ ಕೂರಬಾರದು. ಊರು, ಕಸುಬು, ಕಾಲ, ಗುರುತು, ಹೀಗೆ ವಿವರ ಸೇರಿಸಿದಷ್ಟೂ ನಮಗೆ ಬೇಕಾದದ್ದು ಹತ್ತಿರ ಬರುತ್ತದೆ.

ಮನೆಗೆ ಬಂದವನೇ ಹೆಂಡತಿಯ ಎದುರು ನಿಂತೆ. “ಗಂಗಾಲಕ್ಷ್ಮಿ, ಏನು ಬೇಕೋ ಕೇಳು, ಹುಡುಕಿಕೊಡ್ತೀನಿ!”

“ಹೋದ ವಾರ ರಿಪೇರಿ ಮಾಡ್ತೀನಿ ಅಂತ ತಗೊಂಡ್ರಲ್ಲ, ಗ್ಯಾಸ್ ಲೈಟರ್. ಅದನ್ನ ಹುಡುಕಿ” ಎಂದಳು.

ಮನೆಯಲ್ಲಿ ನನಗಿರುವ ಮರ್ಯಾದೆ ಇಷ್ಟೇ.

ಅಷ್ಟರಲ್ಲಿ ಮುದ್ದೆ ಮುರಿಯುತ್ತಿದ್ದ ಅಪ್ಪ, “ಮುನಿಶಾಮಿ ಒಬ್ಬ ಇದ್ದಿದ್ರೆ...” ಎಂದು ನಿಟ್ಟುಸಿರು ಬಿಟ್ಟ. ಅಪ್ಪ ಕದಿರಪ್ಪನಿಗೆ ಎಂಬತ್ತರ ಹತ್ತಿರ. ಅಮ್ಮ ತೀರಿಕೊಂಡ ಮೇಲೆ ಮಾತು ನಿಂತೇಹೋಗಿತ್ತು. ಸಾರು ಸಾಕು, ಮಜ್ಜಿಗೆ ಹಾಕು, ಅಷ್ಟೇ. ಅವನ ವಾಕ್ಯ ಮುಗಿಯುವ ಮೊದಲೇ ನಾನು ಎಡಗೈಯಲ್ಲಿ ಫೋನ್ ಎತ್ತಿದೆ!

“ಯಾವ ಮುನಿಶಾಮಿ ಅಪ್ಪಾ?”

“ನಂಗಲೀಲಿ ನನ್ ಜೊತೆ ಕೆಲ್ಸ ಮಾಡ್ತಿದ್ನಲ್ಲೋ, ಅವ್ನು...”

“ಸಾಕು! ಒಂದೇ ವಾರದಲ್ಲಿ ನಿನ್ನ ಮುಂದೆ ತಂದು ನಿಲ್ಲಿಸ್ತೀನಿ!”

ಅಪ್ಪ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ ಮತ್ತೆ ಮುದ್ದೆ ಮುರಿಯತೊಡಗಿದ.

‘ಮುನಿಶಾಮಿ, ನಂಗಲಿ’ ಎಂದು ಹಾಕಿದೆ. ನಮ್ಮ ಜಿಲ್ಲೆಯಲ್ಲಿ ಮುನಿಶಾಮಿಗಳಿಗೇನು ಬರವೇ? ಸಾಲುಗಟ್ಟಿ ಬಂದರು! ಮೊದಲನೆಯವರು ಟೈರ್ ವ್ಯಾಪಾರಿ. “ಲಾರಿ ಟೈರಾ, ಕಾರ್ ಟೈರಾ?” ಎಂದವರು ನನ್ನ ಬಳಿ ಇರುವುದು ಸ್ಕೂಟರ್ ಎಂದು ತಿಳಿದು ಉಗಿದು ಫೋನ್ ಇಟ್ಟರು. ಮಾಲೂರಿನ ಮುನಿಶಾಮಿ, “ಅಣ್ಣಾ, ನೀವು ಹೇಳೋ ಕಾಲ್ದಲ್ಲಿ ನಮ್ಮಪ್ಪನೇ ಹುಟ್ಟಿರ್ಲಿಲ್ಲ!” ಎಂದ. ಶ್ರೀನಿವಾಸಪುರದ ಮುನಿಶಾಮಿಯಂತೂ ಭಾನುವಾರ ನೇರವಾಗಿ ಮನೆಗೇ ಬಂದುಬಿಟ್ಟರು, ಎರಡು ಕೆಜಿ ಮಾವಿನಹಣ್ಣಿನ ಸಮೇತ!

“ನಾನು ಆ ಮುನಿಶಾಮಿ ಅಲ್ಲ ಅಂತ ಗೊತ್ತು ಸಾರ್. ಆದ್ರೂ ನನ್ನ ಹುಡುಕ್ಕೊಂಡು ಇದುವರ್ಗೂ ಯಾರೂ ಫೋನ್ ಮಾಡಿರ್ಲಿಲ್ಲ. ಅದಕ್ಕೆ ನೋಡ್ಕೊಂಡು ಹೋಗಾಣಾಂತ ಬಂದೆ” ಎಂದು ಎರಡು ಮುದ್ದೆ ಉಂಡು ಹೋದರು.

ಪಾತ್ರೆ ತೊಳೆಯುತ್ತಾ ಗಂಗಾಲಕ್ಷ್ಮಿ ಸಿಡುಕಿದಳು. “ಇನ್ನೆಷ್ಟು ಜನ ಮುನಿಶಾಮಿಗಳಿಗೆ ನಾನು ಅಡುಗೆ ಮಾಡ್ಬೇಕ್ರಿ? ವಿವರ ಬೇಕು ಅಂತೀರಲ್ಲ, ಮಾವನ್ನೇ ಕೇಳಬಾರ್ದಾ?”

ಹೌದಲ್ಲ! ಮಹಾಮಂತ್ರವನ್ನು ನಾನೇ ಮರೆತಿದ್ದೆ. ಅಂದಿನಿಂದ ಸಂಜೆ ಆಫೀಸಿನಿಂದ ಬಂದ ಕೂಡಲೇ ಜಗಲಿಯ ಮೇಲೆ ಅಪ್ಪನ ಪಕ್ಕ ಕೂತೆ. ಅಪ್ಪ ಮೆಲ್ಲಗೆ ಬಾಯಿ ಬಿಟ್ಟ. ಇಬ್ಬರೂ ಹೆದ್ದಾರಿ ಪಕ್ಕ ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದರಂತೆ. ಆ ತುದಿಯಿಂದ ಮುನಿಶಾಮಿ, ಈ ತುದಿಯಿಂದ ಅಪ್ಪ. ಮಾತಾಡುತ್ತಾ ಹೊಲಿಯುತ್ತಾ ನಡುವೆ ಬಂದು ಸೇರುವಷ್ಟರಲ್ಲಿ ಸಂಜೆಯಾಗುತ್ತಿತ್ತಂತೆ. ಒಂದು ಮಧ್ಯಾಹ್ನ ಲಾರಿಯ ಮೇಲೆ, ಟಾರ್ಪಾಲಿನ ಕೆಳಗೆ ಇಬ್ಬರೂ ನಿದ್ದೆ ಹೋದರಂತೆ. ಕಣ್ಣು ಬಿಟ್ಟರೆ ಆಂಧ್ರದ ಪಲಮನೇರು! ಡ್ರೈವರನಿಗೆ ಗೊತ್ತೇ ಇಲ್ಲ!

“ಆಮೇಲೆ ಏನಾಯ್ತಪ್ಪಾ?” ಎಂದು ಕೇಳುತ್ತಾ ನಾನು ಒಂದೊಂದೇ ಪದವನ್ನು ಫೋನಿಗೆ ಒತ್ತುತ್ತಿದ್ದೆ. ದಿನಾ ನಾನು ಗೇಟು ತೆಗೆದ ಕೂಡಲೇ ಅಪ್ಪ, “ಏಮಿರಾ, ದೊರಿಕಾಡಾ?” ಎಂದು ತೆಲುಗಿನಲ್ಲಿ ಕೇಳುತ್ತಿದ್ದ, ಸಿಕ್ಕಿದನೇನೋ ಎಂದು. ಇನ್ನೂ ಇಲ್ಲ ಎಂದರೆ ಅವನ ಮುಖ ಅರಳುತ್ತಿತ್ತು! ಛಲ ಬಿಡದ ಮಗ ಎಂಬ ಹೆಮ್ಮೆಯಿರಬೇಕು ಎಂದುಕೊಂಡು ನಾನೂ ಉಬ್ಬುತ್ತಿದ್ದೆ.

ಇಪ್ಪತ್ತೆರಡನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಹಿಂದಿನ ಸಂಜೆ ಅಪ್ಪನ ಬಾಯಿಂದ ಜಾರಿದ ಅಡ್ಡಹೆಸರು ಸೇರಿಸಿ ‘ನಂಗಲಿ ಟಾರ್ಪಾಲ್ ಮುನಿಶಾಮಿ’ ಎಂದು ಹಾಕಿದೆ. ಸಿಕ್ಕಿಬಿಟ್ಟರು! ಒಂದು ಕಲ್ಲುಬೆಂಚಿನ ಫೋಟೊ, ಸುತ್ತ ಹತ್ತಾರು ಜನ. ಬೆಂಚಿನ ಮೇಲೆ ಕೆತ್ತಿತ್ತು: ‘ದಿವಂಗತ ಟಾರ್ಪಾಲ್ ಮುನಿಶಾಮಿಯವರ ಜ್ಞಾಪಕಾರ್ಥ, ಮಕ್ಕಳಿಂದ.’

ಟಿಫನ್ ಡಬ್ಬಿ ಮುಚ್ಚಿಬಿಟ್ಟೆ. ಅಪ್ಪನಿಗೆ ಹೇಗೆ ಹೇಳಲಿ? ಆ ಸಂಜೆ ಅವನು ಕೇಳಿದಾಗ “ಇನ್ನೂ ಇಲ್ಲಪ್ಪಾ” ಎಂದೆ. ಮರುದಿನವೂ ಅದೇ ಸುಳ್ಳು. ಅವನು ನಗುನಗುತ್ತಾ ಇನ್ನೊಂದು ಕಥೆ ಶುರುಮಾಡಿದರೆ ನಾನು ಫೋನಿನಲ್ಲಿ ಹುಡುಕುವವನಂತೆ ನಟಿಸುತ್ತಿದ್ದೆ. ಮೂರನೆಯ ದಿನ ತಡೆಯಲಾರದೆ ಗಂಗಾಲಕ್ಷ್ಮಿಗೆ ಫೋಟೊ ತೋರಿಸಿದೆ. ಅವಳು ಎರಡು ಬೆರಳಿಂದ ಅದನ್ನು ದೊಡ್ಡದು ಮಾಡಿ ನೋಡಿದಳು.

“ರೀ, ಈ ಮೂಲೇಲಿ ಕೊಡೆ ಹಿಡ್ಕೊಂಡು ನಿಂತಿರೋರು ಮಾವ ಅಲ್ವಾ?”

ಅಪ್ಪನೇ! ಅವನು ಈಗಲೂ ಹಿಡಿದು ಓಡಾಡುವ, ಟಾರ್ಪಾಲಿನ ತೇಪೆ ಹಾಕಿದ ಅದೇ ಕೊಡೆ. ಮೂರು ಸಲ ಫೋಟೊ ನೋಡಿದ್ದ ಪಂಡಿತನಿಗೆ ಹೆತ್ತ ಅಪ್ಪ ಕಂಡಿರಲಿಲ್ಲ! ಕೆಳಗಿನ ತಾರೀಖು ನೋಡಿದರೆ ಅದು ನಾಲ್ಕು ವರ್ಷದ ಹಿಂದಿನ ಫೋಟೊ. ಆ ದಿನ ನನಗೆ ನೆನಪಾಯಿತು. ನಾನೇ ಅವನನ್ನು ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟಿದ್ದೆ. “ನಂಗಲಿಗೆ ಹೋಗ್ಬರ್ತೀನಿ ಕಣೋ” ಎಂದಿದ್ದ. ಫೋನ್ ನೋಡುತ್ತಾ “ಹೂಂ” ಎಂದಿದ್ದೆ. ಯಾಕೆ ಎಂದು ಕೇಳಿರಲಿಲ್ಲ. ಹಿಂತಿರುಗಿ ಬಂದ ಮೇಲೂ ಕೇಳಿರಲಿಲ್ಲ.

ಜಗಲಿಗೆ ಹೋಗಿ ಫೋನನ್ನು ಅಪ್ಪನ ಮುಂದೆ ಹಿಡಿದೆ. ಅವನು ಫೋಟೊ ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ.

“ಗೊತ್ತಿದ್ದೂ ಯಾಕಪ್ಪಾ ಹೇಳ್ಲಿಲ್ಲ? ಜಿಲ್ಲೇಲಿರೋ ಮುನಿಶಾಮಿಗಳ ಹತ್ರ ಎಲ್ಲಾ ಉಗಿಸ್ಕೊಂಡೆನಲ್ಲ!”

“ಮೊದ್ಲನೇ ದಿನಾನೇ ಹೇಳಾಣಾಂತಿದ್ದೆ, ನೀನು ಬಿಡ್ಲಿಲ್ಲ. ಆಮೇಲೆ ಬಂದು ಪಕ್ಕದಲ್ಲಿ ಕೂತ್ಕೊಂಡು ‘ಆಮೇಲೆ ಏನಾಯ್ತಪ್ಪಾ’ ಅಂದೆ. ನಿಮ್ಮಮ್ಮ ಹೋದ್ಮೇಲೆ ನನ್ನ ಹಂಗೆ ಯಾರೂ ಕೇಳಿರ್ಲಿಲ್ಲ ಕಣೋ. ಅವ್ನು ಸಿಕ್ಬಿಟ್ರೆ ನೀನು ಎದ್ದು ಹೋಗ್ತೀಯಾಂತ ಸುಮ್ಕಿದ್ದೆ.”

ಬಾಗಿಲಲ್ಲಿ ನಿಂತಿದ್ದ ಗಂಗಾಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ಫೋನನ್ನು ಜೇಬಿಗೆ ಹಾಕಿ ಅಪ್ಪನ ಪಕ್ಕ ಕೂತೆ.

“ಅಪ್ಪಾ, ಪಲಮನೇರಿಂದ ವಾಪಸ್ ಹೆಂಗೆ ಬಂದ್ರಿ? ಅದನ್ನ ಹೇಳ್ಲೇ ಇಲ್ಲ.”

ಅಪ್ಪ ನನ್ನ ಜೇಬನ್ನೊಮ್ಮೆ ಅನುಮಾನದಿಂದ ನೋಡಿದ.

“ಏಮಿರಾ, ಈಗ ಯಾರನ್ನ ಹುಡುಕ್ತಿದೀಯ?”