ಚಲುವಯ್ಯನ ಸ್ಕೂಟರಿಗೆ ಕಿಡಿ ಸಿಕ್ಕಿದ್ದು

ಮರಳವಾಡಿಯ ಚಲುವಯ್ಯನಿಗೆ ಹೆಂಡತಿ ಬೋರಮ್ಮನ ಮೇಲೆ ಇದ್ದ ದೂರು ಒಂದೇ. ತನ್ನನ್ನು ಎಷ್ಟು ಬೈದರೂ ತಡೆದುಕೊಂಡಾನು, ಸ್ಕೂಟರನ್ನು ಬೈದರೆ ಮಾತ್ರ ಕರುಳು ಚುರ್ರೆನ್ನುತ್ತಿತ್ತು. ಬೋರಮ್ಮನಿಗಿಂತ ಮೊದಲೇ ಆ ಮನೆಗೆ ಕಾಲಿಟ್ಟದ್ದು ಸ್ಕೂಟರು. (ಅದಕ್ಕೇ ಅವಳು ಅದನ್ನು ಸವತಿ ಎನ್ನುತ್ತಿದ್ದಳು.) ಒಂದು ತಿಂಗಳಿಂದ ಅದು ಕೆಟ್ಟು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತಿತ್ತು. ಎಮ್ಮೆಯಾದರೂ ಆಗಾಗ ಸದ್ದು ಮಾಡುತ್ತಿತ್ತು.

ಹಾರೋಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಬೋರಮ್ಮ ಭಾನುವಾರದ ರಜೆಯನ್ನು ಸುಮ್ಮನೆ ಕಳೆಯುವವಳಲ್ಲ. ಗುಜರಿ ಜಬ್ಬಾರನನ್ನು ಗಾಡಿಸಮೇತ ಬಾಗಿಲಿಗೇ ಕರೆತಂದಳು.

"ಇದ ತಕ್ಕೊಂಡ್ ಹೋಗು ಜಬ್ಬಾರಣ್ಣ. ಜಾಗ ಆದ್ರೂ ಆಯ್ತದೆ."

"ಹೆಣ ಅಲ್ಲ ಕಣಮ್ಮಿ ಅದು, ಜೀವ ಐತೆ!" ಎಂದು ಚಲುವಯ್ಯ ಸ್ಕೂಟರಿಗೆ ಅಡ್ಡ ನಿಂತ. "ಜಬ್ಬಾರು ಟೀ ಕುಡಿಯೋಗಂಟ ಟೈಮ್ ಕೊಡು. ಸ್ಟಾರ್ಟ್ ಆಗ್ನಿಲ್ಲ ಅಂದ್ರೆ ನಾನೇ ಗಾಡಿಗೆ ಎತ್ತಾಕ್ತೀನಿ."

ಜಬ್ಬಾರ್ ನ್ಯಾಯವಂತ. ಟೀಯನ್ನು ಊದಿ ಊದಿ ಕುಡಿಯತೊಡಗಿದ.

ಚಲುವಯ್ಯ ಪ್ಲಗ್ ಬಿಚ್ಚಿ ಮೂಸಿದ. ತುದಿ ಒದ್ದೆಯಾಗಿತ್ತು. "ಪೆಟ್ರೋಲ್ ಬತ್ತಾ ಐತೆ. ಇಲ್ದೇ ಇರೋದು ಕಿಡಿ," ಎಂದು ರಾಜವೈದ್ಯನ ಗತ್ತಿನಲ್ಲಿ ಸಾರಿದ. ಪ್ಲಗ್ಗನ್ನು ಮತ್ತೆ ವೈರಿನ ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದ. "ಒದಿಯಮ್ಮಿ!"

ಬೋರಮ್ಮ ಸೀರೆ ಎತ್ತಿ ಕಟ್ಟಿ, ಸವತಿಯ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಕಿಕ್ಕರ್ ಒದ್ದಳು.

"ಕಿಡಿ ಬಂತಾ?"

"ನಿನ್ ಕಣ್ಣಲ್ಲಿ ಬಂತು. ಇಲ್ಲಿಲ್ಲ."

ಡಿಕ್ಕಿಯಲ್ಲಿದ್ದ ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಹಿಡಿದ. ಒದ್ದಳು. ಅಲ್ಲೂ ಕತ್ತಲೆ. ಜಬ್ಬಾರನ ಲೋಟ ಅರ್ಧಕ್ಕಿಳಿದಿತ್ತು.

"ಪ್ಲಗ್ ಹೊಸ್ದು, ಅಂದ್ರೆ ತಪ್ಪು ಅದರದ್ದಲ್ಲ. ಅದ್ಕೂ ಹಿಂದೆ ಎಲ್ಲೋ ಕರೆಂಟು ನಿಂತೋಗೈತೆ," ಎಂದು ಗೊಣಗುತ್ತ ಚಲುವಯ್ಯ ಕ್ಯಾಪನ್ನು ತಿರುಚಿ ಕಿತ್ತ. ಬರೀ ವೈರಿನ ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದು, "ಒದಿ" ಎಂದ. ಬೆರಳು ತುಸು ಮುಂದೆ ಜಾರಿದ್ದನ್ನು ಗಮನಿಸಲಿಲ್ಲ.

"ಅಯ್ಯಯ್ಯಪ್ಪೋ!"

ಚಲುವಯ್ಯ ನಿಂತಲ್ಲೇ ಎಗರಿ ಎಮ್ಮೆಯ ಬೆನ್ನಿಗೆ ಒರಗಿ ಬಿದ್ದ. ಬೋರಮ್ಮ ಕಿಕ್ಕರ್ ಬಿಟ್ಟು ಬಂದಳು. "ಏನಾಯ್ತಯ್ಯಾ?"

"ಬಂತು ಕಣೇ, ಬಂತು!" ಅವನ ಮುಖದಲ್ಲಿ ಜಗತ್ತನ್ನೇ ಗೆದ್ದ ಕಳೆ. "ಮೊಣಕೈಗಂಟ ಬಂತು! ಕಿಡಿ ಹುಟ್ಸೋ ಕಾಯಿಲ್ ಸರಿ ಐತೆ, ವೈರ್ ಸರಿ ಐತೆ. ಸತ್ತಿರೋದು ಕ್ಯಾಪು!"

ಜಬ್ಬಾರ್ ಉಳಿದ ಟೀ ಚೆಲ್ಲಿ ಎದ್ದ. ತನ್ನ ಗಾಡಿಯ ರಾಶಿಯನ್ನು ಕೆದಕಿ, ಯಾವುದೋ ಸ್ಕೂಟರಿನ ಕ್ಯಾಪೊಂದನ್ನು ಹೊರಗೆಳೆದ. "ತಗೋ ಚಲುವಣ್ಣ. ಯಾಪಾರ ಹೋದ್ರೆ ಹೋಗ್ಲಿ, ಇದನ್ನ ನೋಡ್ಲೇಬೇಕು."

ಕ್ಯಾಪ್ ತಿರುಚಿದ, ಪ್ಲಗ್ ಬಿಗಿದ. ಬೋರಮ್ಮ ಒದ್ದಳು. ಸ್ಕೂಟರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಸೀನಿತು, ಮರುಗಳಿಗೆ ಇಡೀ ಬೀದಿಯ ಕೋಳಿಗಳನ್ನು ಚದುರಿಸುವಂತೆ ಗುಡುಗಿತು. ಹೊಗೆಯ ನಡುವೆ ಚಲುವಯ್ಯ ಎರಡೂ ಕೈ ಎತ್ತಿ ನಿಂತ.

"ನೋಡ್ದಾ ನನ್ ತಲೆ?"

"ನೋಡ್ದೆ. ನನ್ ಕಾಲ್ ನೋಡ್ದಾ?" ಬೋರಮ್ಮ ಹ್ಯಾಂಡಲ್ ಬಿಡಲಿಲ್ಲ. ಕೈಯಡಿ ಗಡಗಡಿಸುತ್ತಿದ್ದ ಸವತಿ ಯಾಕೋ ಅವಳಿಗೆ ಹಿಡಿಸಿಬಿಟ್ಟಿದ್ದಳು. "ಇಷ್ಟೇನಾ ಇದು? ಗೇರ್ ಎಂಗಾಕೋದು, ಯೋಳು."

ಅಭಿಮಾನದ ಅಮಲಿನಲ್ಲಿ ಚಲುವಯ್ಯ ಹೇಳಿಕೊಟ್ಟ. ಹೇಳಿಕೊಡಬಾರದಿತ್ತು.

ತಿಂಗಳು ಕಳೆಯುವುದರೊಳಗೆ ಬೋರಮ್ಮ ಸ್ಕೂಟರಿನಲ್ಲೇ ಫ್ಯಾಕ್ಟರಿಗೆ ಹೊರಟಳು. ದಾರಿಯಲ್ಲಿ ಕೈಕೊಟ್ಟರೆ ಇರಲಿ ಎಂದು ಗಂಡನನ್ನು ಹಿಂದಿನ ಸೀಟಿನಲ್ಲಿ, ಸ್ಪ್ಯಾನರ್ ಚೀಲ ತೊಡೆಯ ಮೇಲಿಟ್ಟು ಕೂರಿಸಿಕೊಂಡಳು. ಗೇಟಿನಲ್ಲಿ ವಾಚ್‌ಮನ್ ನಂಜುಂಡಯ್ಯ ತಡೆದ.

"ಇವ್ರು ಯಾರಕ್ಕ?"

"ನಮ್ ಮೆಕ್ಯಾನಿಕ್ಕು," ಎಂದಳು ಬೋರಮ್ಮ, ಕ್ಲಚ್ ಹಿಡಿದೇ.

"ದೇವ್ರು ಕಳಿಸ್ದಂಗ್ ಬಂದ್ರಿ! ನನ್ ಮೊಪೆಡ್ಡೂ ಸ್ಟಾರ್ಟೇ ಆಯ್ತಾ ಇಲ್ಲ. ಒಸಿ ನೋಡಿ ಮೇಸ್ತ್ರಿ."

ಹೆಂಡತಿ, ಸ್ಕೂಟರು ಎರಡೂ ಅವನನ್ನು ಗೇಟಿನಲ್ಲೇ ಇಳಿಸಿ ಒಳಗೆ ಹೋದವು. ಚಲುವಯ್ಯ ಪಂಚೆ ಎತ್ತಿ ಕಟ್ಟಿ, ಮೊಪೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಒದಿಯಪ್ಪ," ಎಂದ ಗತ್ತಿನಿಂದ.