ಉಗುಳಿ ತಿಳಿದ ಭವಿಷ್ಯ

ಮುಂದೆ ಬರುವ ಕಾಯಿಲೆಯನ್ನು ಇಂದೇ ತಿಳಿಯುವ ಚಪಲ ಇದೆಯಲ್ಲ, ಅದೇ ಒಂದು ಕಾಯಿಲೆ. ನನಗದು ಫೋನಿನ ಜಾಹೀರಾತಿನಿಂದ ಅಂಟಿತು. ಕಂಪನಿಯವರು ಮನೆಗೇ ಒಂದು ಕೊಳವೆ ಕಳಿಸುತ್ತಾರೆ. ಅದರಲ್ಲಿ ಉಗುಳಿ ವಾಪಸು ಕಳಿಸಿದರೆ ನಮ್ಮ ವಂಶವಾಹಿ ಓದಿ, ಯಾವ ರೋಗ ಬಂದೀತು ಎಂದು ಹೇಳುತ್ತಾರಂತೆ. ಕೂತಲ್ಲೇ ಕುಣಿಯುವಂತಾಯಿತು! ಅವ್ವನಿಗೆ ಸಕ್ಕರೆ ಕಾಯಿಲೆ. ಮಗನಾದ ನನಗೂ ಬಂದೇ ಬರುತ್ತದೆಂದು ನನ್ನ ಹೆಂಡತಿ ಗಿರಿಜಾ ಹಬ್ಬಕ್ಕೆ ಒಂದೇ ಹೋಳಿಗೆ ಎಂದು ಕಟ್ಟು ಮಾಡಿಬಿಟ್ಟಿದ್ದಾಳೆ. ಬರುವುದಿಲ್ಲ ಎಂದು ಕಂಪನಿಯೇ ಬರೆದುಕೊಟ್ಟರೆ?

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವಾದ್ದರಿಂದ ಸುದ್ದಿ ಸವಣೂರಿನ ನಮ್ಮ ಓಣಿಗೆಲ್ಲ ಹಬ್ಬಿತು. ಎದುರಿನ ಎಲೆ ವ್ಯಾಪಾರಿ ಖಾದರಸಾಬರು ಹೆದರಿದರು: "ನಿಮ್ಮ ಮಗಳ ಲಗ್ನ ಆಗೋತನ ತಡೀರಿ ಸರ. ಬೀಗರಿಗೆ ಗೊತ್ತಾದ್ರ ನಿಮ್ಮ ಮನಿ ಸಂಬಂಧನ ಬ್ಯಾಡ ಅಂತಾರ." ಅವ್ವನಿಗೆ ಸಿಟ್ಟು: "ಹಡದಾಕಿ ನಾ ಇಲ್ಲೇ ಕುಂತೇನಿ. ನನ್ನ ಕೇಳೂದು ಬಿಟ್ಟು ಕೊಳವ್ಯಾಗ ಉಗುಳ್ತೀಯೇನೋ?" ಗಿರಿಜಾ ಮಾತ್ರ "ಹುಚ್ಚು" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಕೊಳವೆ ಬಂತು. ಉಗುಳುವ ಮೊದಲು ಅರ್ಧ ತಾಸು ಬಾಯಿ ಖಾಲಿ ಇರಬೇಕಂತೆ. ಸವಣೂರಿನಲ್ಲಿ ಹುಟ್ಟಿ, ಎಲೆ ಅಡಿಕೆ ಇಲ್ಲದ ಬಾಯಿ! ನಿದ್ದೆಯೊಂದನ್ನು ಬಿಟ್ಟರೆ ನನಗೆ ಅದರ ಅನುಭವವೇ ಇಲ್ಲ. ಹಲ್ಲುಜ್ಜಿದೆ, ಮುಕ್ಕಳಿಸಿದೆ, ಗಡಿಯಾರ ನೋಡುತ್ತ ಚಡಪಡಿಸಿದೆ. ಅಂತೂ ಕೊಳವೆಯ ಗೆರೆಯವರೆಗೆ ತುಂಬಿಸಿ, ಕೊರಿಯರಿಗೆ ಕೊಡುವ ಕೆಲಸವನ್ನು ಗಿರಿಜಾಳಿಗೆ ಒಪ್ಪಿಸಿ ಶಾಲೆಗೆ ಓಡಿದೆ. ಅಂದು ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಕೊನೆಗೊಂದು ದಿನ ಫಲಿತಾಂಶ ಫೋನಿಗೆ ಬಂತು. ಸಕ್ಕರೆ ಕಾಯಿಲೆಯ ಸಂಭವ: ಕಡಿಮೆ! ನಾನು ಕೂಗಿದ ಕೂಗಿಗೆ ಖಾದರಸಾಬರು ಅಂಗಡಿ ಬಿಟ್ಟು ಓಡಿಬಂದರು. ಗಿರಿಜಾ ಯಾಕೋ ನನಗಿಂತಲೂ ಖುಷಿಯಾಗಿ ಹೂರಣ ರುಬ್ಬಲು ಕೂತಳು. ಎರಡನೆಯ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ ಫೋನಿನಲ್ಲಿ ಉಳಿದದ್ದನ್ನೂ ಓದಿದೆ: 'ಮಾದರಿ ಕೊಟ್ಟವರು: ಮಹಿಳೆ.'

"ಗಿರಿಜಾ, ನಾ ಹೆಣ್ಮಗಳಂತ!"

"ನೀವಲ್ರಿ, ನಾನು. ನಿಮ್ಮದು ಕೆಂಪಗಿತ್ತು. ಮಂದಿ ಕೊಟ್ಟ ಡಬ್ಬಿ ಹೊಲಸು ಮಾಡಿ ತಿರುಗಿ ಕೊಡ್ತಾರೇನ್ರಿ? ಮನಿ ಮರ್ಯಾದಿ ಏನಾಗಬೇಕು? ಚೆಲ್ಲಿ, ತೊಳದು, ನಂದ ತುಂಬಿ ಕಳಿಸಿದೆ."

ಹಾಗೆಂದವಳೇ ನನ್ನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಹೋಳಿಗೆ ಮುರಿದು ಬಾಯಿಗಿಟ್ಟಳು. ತುಪ್ಪದ ಕೈಯಲ್ಲೇ ಕೇಳಿದಳು: "ಇನ್ನೊಂದು ಕೊಳವಿ ತರಸ್ಲೇನ್ರಿ?"

ಬೇಡವೇ ಬೇಡ ಎಂದೆ. ಅದರಲ್ಲಿ 'ಹೆಚ್ಚು' ಎಂದು ಬಂದುಬಿಟ್ಟರೆ ಹಬ್ಬದ ಆ ಒಂದೂ ಹೋಗುತ್ತದಲ್ಲ!